ಒಂದೇ ಮೊತ್ತ, ಬೇರೆ ಬೇರೆ ಭಾರ: ಜಾಮೀನು ಆರೋಪಿಯ ಆಸ್ತಿಗೆ ತಕ್ಕಂತಿರಬೇಕೇ?

2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರು ಅರವತ್ತು ದಾಟಿದ ಒಬ್ಬ ನಿವೃತ್ತ ಹಡಗುಕಟ್ಟೆ ಕಾರ್ಮಿಕನನ್ನು ಬಂಧಿಸಿದರು. ನೆರೆಯ ವೃದ್ಧರೊಬ್ಬರ ಹಿಂದೆಯೇ ಅವರ ಮನೆಯೊಳಗೆ ನುಗ್ಗಿ, ಬೆದರಿಸಿ, 7 ಡಾಲರ್ ಹಣ ಮತ್ತು ಒಂದು ಬಾಟಲಿ ಸುಗಂಧದ್ರವ್ಯ ಕಿತ್ತುಕೊಂಡ ಎಂಬುದು ಆರೋಪ. ಆರೋಪ ಹಗುರವಾದದ್ದೇನೂ ಅಲ್ಲ. ವಯಸ್ಸಾದವರನ್ನು ಅವರ ಮನೆಯಲ್ಲೇ ಹೆದರಿಸಿ ದೋಚುವುದನ್ನು ಯಾವ ಕಾನೂನೂ ಸಣ್ಣ ತಪ್ಪೆಂದು ನೋಡುವುದಿಲ್ಲ. ನ್ಯಾಯಾಲಯ ಆತನ ಬಿಡುಗಡೆಗೆ 6 ಲಕ್ಷ ಡಾಲರ್ ಜಾಮೀನು ನಿಗದಿ ಮಾಡಿತು. ವಕೀಲರು ಮತ್ತೆ ಕೇಳಿಕೊಂಡ ಮೇಲೆ ಅದನ್ನು ಮೂರೂವರೆ ಲಕ್ಷಕ್ಕೆ ಇಳಿಸಿತು. ಅದನ್ನೂ ಕಟ್ಟುವ ಶಕ್ತಿ ಆತನಿಗಿರಲಿಲ್ಲ.

ಆ ಆದೇಶದಲ್ಲಿ ಇನ್ನೊಂದು ಸಂಗತಿಯಿತ್ತು. ಆರೋಪಿಗೆ ಮಾದಕ ವಸ್ತುವಿನ ಚಟವಿದ್ದುದರಿಂದ, ಬಿಡುಗಡೆಯಾದ ಮೇಲೆ ಆತ ವಸತಿ ಚಿಕಿತ್ಸಾ ಕೇಂದ್ರಕ್ಕೆ ಸೇರಬೇಕು ಎಂಬ ಷರತ್ತನ್ನೂ ನ್ಯಾಯಾಧೀಶರು ಹಾಕಿದ್ದರು. ಅಂದರೆ ಆತನನ್ನು ಹೊರಗೆ ಬಿಟ್ಟು ನಿಭಾಯಿಸಬಹುದು ಎಂದು ಅವರಿಗೂ ಅನ್ನಿಸಿತ್ತು. ಆದರೆ ಹೊರಗೆ ಹೋಗಿ ಚಿಕಿತ್ಸೆ ಪಡೆಯಬೇಕೆಂದ ಆದೇಶವೇ, ತೆರಲಾಗದ ಮೊತ್ತ ವಿಧಿಸಿ ಹೊರಹೋಗುವ ಬಾಗಿಲಿಗೆ ಬೀಗ ಹಾಕಿತ್ತು. ಹಣವಿಲ್ಲದೆ ಆತ ತಿಂಗಳುಗಟ್ಟಲೆ ಜೈಲಿನಲ್ಲೇ ಉಳಿದ. ಹಂಫ್ರಿ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ತೀರ್ಪು ನೀಡಿತು: ಹಣ ಕಟ್ಟುವ ಶಕ್ತಿಯೊಂದರ ಮೇಲೆಯೇ ಒಬ್ಬ ವ್ಯಕ್ತಿಯ ಸ್ವಾತಂತ್ರ್ಯವನ್ನು ನಿರ್ಧರಿಸುವುದು ಸಂವಿಧಾನಬಾಹಿರ, ಮೊತ್ತ ಗೊತ್ತುಪಡಿಸುವ ಮುನ್ನ ಆತನಿಗೆ ಅದನ್ನು ಭರಿಸಲು ಸಾಧ್ಯವೇ ಎಂಬುದನ್ನು ನ್ಯಾಯಾಲಯ ಪರಿಗಣಿಸಲೇಬೇಕು.

ಹಾಗಾದರೆ ಜಾಮೀನಿನ ಮೊತ್ತ ಆರೋಪಿಯ ಸಿರಿವಂತಿಕೆ, ಬಡತನಗಳಿಗೆ ತಕ್ಕಂತೆ ಏರಿಳಿಯಬೇಕೇ? ಹೌದೆನ್ನುವುದು ಸುಲಭ. ಆದರೆ ಆ ಉತ್ತರವನ್ನು ಕೆಳಮುಖವಾಗಿ, ಅಂದರೆ ಬಡವರ ಕಡೆಗೆ ಅನ್ವಯಿಸಿದಾಗ ಅದು ಸರಾಗವಾಗಿ ಹೊಂದುತ್ತದೆ. ಮೇಲ್ಮುಖವಾಗಿ, ಶ್ರೀಮಂತರ ಕಡೆಗೆ ಅನ್ವಯಿಸಿದಾಗ ಕೈಕೊಡುತ್ತದೆ. ಏಕೆಂದು ತಿಳಿಯಲು ಜಾಮೀನು ಹಣ ನಿಜಕ್ಕೂ ಏನು ಮಾಡುತ್ತದೆ ಎಂಬುದರಿಂದಲೇ ಶುರುಮಾಡಬೇಕು.

ಹಣ ಮಾಡುವ ಕೆಲಸ ಯಾವುದು?

ಜಾಮೀನಿನ ಮೊತ್ತವನ್ನು ಅನೇಕರು ಅಪರಾಧದ ಬೆಲೆ ಎಂದುಕೊಳ್ಳುತ್ತಾರೆ. ‘ಇಷ್ಟು ದೊಡ್ಡ ಆರೋಪ, ಇಷ್ಟು ಕಡಿಮೆ ಜಾಮೀನೇ?’ ಎಂಬ ಉದ್ಗಾರ ಹುಟ್ಟುವುದು ಅಲ್ಲಿಂದಲೇ. ಆದರೆ ಜಾಮೀನಿನ ಹಂತದಲ್ಲಿ ಅಪರಾಧ ಸಾಬೀತಾಗಿರುವುದಿಲ್ಲ. ಶಿಕ್ಷೆಯ ಮಾತು ಬರುವುದು ತೀರ್ಪಿನ ನಂತರ. ಮೊತ್ತಕ್ಕಿರುವ ಕೆಲಸ ಒಂದೇ: ವಿಚಾರಣೆಯ ದಿನ ಆರೋಪಿ ನ್ಯಾಯಾಲಯಕ್ಕೆ ಬರುವಂತೆ ನೋಡಿಕೊಳ್ಳುವುದು. ಬಂದರೆ ಹಣ ವಾಪಸು, ತಲೆಮರೆಸಿಕೊಂಡರೆ ಮುಟ್ಟುಗೋಲು. ಆರೋಪಿಯನ್ನು ಹಿಡಿದಿಡುವುದು ಈ ನಷ್ಟದ ಭಯ.

ಈ ಭಯವನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಕಟ್ಟುತ್ತಾರೆ. ಕೆಲವೆಡೆ ನಗದನ್ನೇ ಮುಂಗಡವಾಗಿ ಠೇವಣಿ ಇಡಬೇಕು. ಕೆಲವೆಡೆ ಜಾಮೀನುದಾರರು ಮುಂದೆ ಬಂದು, ಆರೋಪಿ ಹಾಜರಾಗದಿದ್ದರೆ ಇಷ್ಟು ಹಣ ತಾವು ಕೊಡುತ್ತೇವೆಂದು ಬಾಂಡ್ ಬರೆದುಕೊಟ್ಟು, ಆಸ್ತಿಯ ದಾಖಲೆ ತೋರಿಸಬೇಕು. ಇನ್ನು ವೈಯಕ್ತಿಕ ಬಾಂಡ್ ಎಂದರೆ ಆರೋಪಿಯೇ ಬರೆದುಕೊಡುವ ಮುಚ್ಚಳಿಕೆ. ಅಲ್ಲಿ ಮುಂಗಡ ಹಣವೂ ಬೇಡ, ಮತ್ತೊಬ್ಬರ ಭರವಸೆಯೂ ಬೇಡ. ಅಮೆರಿಕ ಮತ್ತು ಫಿಲಿಪ್ಪೀನ್ಸ್‌ನಲ್ಲಿ ನಾಲ್ಕನೆಯ ದಾರಿಯೂ ಇದೆ. ಜಾಮೀನು ಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳು ಶುಲ್ಕ ಪಡೆದು ಆರೋಪಿಯ ಪರ ಬಾಂಡ್ ಕೊಡುತ್ತವೆ. ಅಮೆರಿಕದಲ್ಲಿ ಈ ಶುಲ್ಕ ಸಾಮಾನ್ಯವಾಗಿ ಮೊತ್ತದ ಶೇ 10. ಆರೋಪಿ ಒಂದು ವಿಚಾರಣೆಯನ್ನೂ ತಪ್ಪಿಸದಿದ್ದರೂ, ಕೊನೆಗೆ ನಿರಪರಾಧಿ ಎಂದಾದರೂ ಆ ಶುಲ್ಕ ಹಿಂದೆ ಬರುವುದಿಲ್ಲ. ಈ ವ್ಯಾಪಾರದಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ: ನಗದು ಇದ್ದವನು ಇಡೀ ಮೊತ್ತ ಕಟ್ಟಿ ಇಡೀ ಮೊತ್ತ ವಾಪಸು ಪಡೆಯುತ್ತಾನೆ, ಇಲ್ಲದವನು ಹತ್ತನೆಯ ಒಂದು ಭಾಗವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾನೆ.

ಮೊತ್ತದ ಬಲವಿರುವುದು ನಷ್ಟದ ಭಯದಲ್ಲಿ ಎಂದು ಒಪ್ಪಿದ ಮೇಲೆ ಉಳಿದದ್ದನ್ನು ಸರಳ ಲೆಕ್ಕವೇ ಹೇಳುತ್ತದೆ. ಇಬ್ಬರು ಆರೋಪಿಗಳಿದ್ದಾರೆನ್ನಿ. ಆರೋಪ ಒಂದೇ, ಹಿನ್ನೆಲೆ ಒಂದೇ, ಜಾಮೀನಿನ ಮೊತ್ತವೂ ಒಂದೇ. ಒಬ್ಬನಿಗೆ ಆ ಮೊತ್ತ ಇನ್ನೂರು ದಿನಗಳ ಕೂಲಿ. ಇನ್ನೊಬ್ಬನಿಗೆ ಅರ್ಧ ದಿನದ ವರಮಾನ. ಮೊದಲನೆಯವನಿಗೆ ಅದು ಕಟ್ಟಲಾಗದ ಮೊತ್ತ, ಆದ್ದರಿಂದ ಆತ ಜೈಲಿನಲ್ಲೇ ಉಳಿಯುತ್ತಾನೆ. ಹೊರಗೇ ಬಾರದವನ ಮೇಲೆ ನಷ್ಟದ ಭಯ ಕೆಲಸ ಮಾಡುವ ಪ್ರಶ್ನೆಯೇ ಇಲ್ಲ. ಎರಡನೆಯವನು ಕಟ್ಟಿ ಹೊರಬರುತ್ತಾನೆ, ಆದರೆ ಕಳೆದುಕೊಂಡರೂ ಆತನಿಗೆ ಅದು ಲೆಕ್ಕಕ್ಕಿಲ್ಲ. ಹೀಗೆ ಒಂದೇ ಮೊತ್ತ ಒಬ್ಬನಿಗೆ ಸೆರೆಯಾಯಿತು, ಇನ್ನೊಬ್ಬನಿಗೆ ಏನೂ ಆಗಲಿಲ್ಲ. ವಿಚಾರಣೆಗೆ ಕರೆತರುವ ಕೆಲಸವನ್ನು ಅದು ಇಬ್ಬರಲ್ಲಿ ಯಾರ ಮೇಲೂ ಮಾಡಲಿಲ್ಲ.

ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯ ಜಾಮೀನು ಪದ್ಧತಿಯನ್ನು ಪರಿಶೀಲಿಸಿದ ಅಮೆರಿಕದ ಐದನೇ ಸರ್ಕೀಟ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೆಚ್ಚು ಕಡಿಮೆ ಇಂಥದೇ ಜೋಡಿಯನ್ನು ಮುಂದಿಟ್ಟಿತು. ಎಲ್ಲ ವಿಷಯದಲ್ಲೂ ಸಮಾನರಾದ ಇಬ್ಬರಲ್ಲಿ ಹಣವಿದ್ದವನು ಹೊರಬರುತ್ತಾನೆ. ಆತ ತಪ್ಪೊಪ್ಪಿಕೊಳ್ಳುವ ಸಾಧ್ಯತೆ ಕಡಿಮೆ, ಖುಲಾಸೆಯಾಗುವ ಅಥವಾ ಕಡಿಮೆ ಶಿಕ್ಷೆ ಪಡೆಯುವ ಸಾಧ್ಯತೆ ಹೆಚ್ಚು. ಹಣವಿಲ್ಲದವನ ಪಾಲಿಗೆ ಎಲ್ಲವೂ ತಿರುಗುಮುರುಗು. ಅಲ್ಲಿ ಜಾಮೀನಿನ ವಿಚಾರಣೆ ಎಷ್ಟು ಹೊತ್ತು ನಡೆಯುತ್ತಿತ್ತು ಎಂಬುದನ್ನೂ ಆ ತೀರ್ಪು ದಾಖಲಿಸಿದೆ: ಎಷ್ಟೋ ಬಾರಿ ಕೆಲವೇ ಸೆಕೆಂಡು, ಕೆಲವು ನಿಮಿಷ ದಾಟಿದ್ದು ಅಪರೂಪ. ಕೆಲವು ಸೆಕೆಂಡುಗಳಲ್ಲಿ ಯಾರ ಬಡತನವನ್ನೂ ತಿಳಿಯಲಾಗುವುದಿಲ್ಲ. ಹಾಗಾಗಿ ಅಲ್ಲಿ ಕೆಲಸ ಮಾಡುತ್ತಿದ್ದುದು ದರಪಟ್ಟಿ: ಈ ಆರೋಪಕ್ಕೆ ಇಷ್ಟು, ಆ ಆರೋಪಕ್ಕೆ ಅಷ್ಟು. ಕೈದಿಗಳ ಸಾಲು ಉದ್ದವಿದ್ದು ಸಮಯ ಕಡಿಮೆಯಿದ್ದಾಗ ದರಪಟ್ಟಿ ಅನುಕೂಲ, ನಿಜ. ಆದರೆ ಅದು ಹೇಳುವುದು ಆರೋಪದ ಗಾತ್ರವನ್ನು. ವ್ಯಕ್ತಿ ಹಿಂತಿರುಗಿ ಬರುತ್ತಾನೆಯೇ ಎಂಬುದರ ಬಗ್ಗೆ ಅದಕ್ಕೆ ಹೇಳಲು ಬಹಳವೇನೂ ಇಲ್ಲ.

ಇದೆಲ್ಲ ಹೊಸ ತಿಳಿವಳಿಕೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ ಅಕ್ರಮ ಬಂಧನಕ್ಕೆ ತಡೆ ಹಾಕಿದಾಗ, ಬಂಧಿತರನ್ನು ಬಿಡಲು ಮನಸ್ಸಿಲ್ಲದ ನ್ಯಾಯಾಧೀಶರು ಇನ್ನೊಂದು ಉಪಾಯ ಕಂಡುಕೊಂಡರು. ಜಾಮೀನು ನಿರಾಕರಿಸುವ ಬದಲು ಯಾರೂ ಕಟ್ಟಲಾಗದಷ್ಟು ಮೊತ್ತ ಕೇಳುವುದು. ಅದಕ್ಕೆ ಉತ್ತರವಾಗಿ 1689ರ ಹಕ್ಕುಗಳ ಮಸೂದೆಯಲ್ಲಿ ‘ಮಿತಿಮೀರಿದ ಜಾಮೀನು ಕೇಳಕೂಡದು’ ಎಂಬ ಸಾಲು ಸೇರಿತು. ಅದೇ ಸಾಲು ಮುಂದೆ ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿಯಾಯಿತು. 1951ರ ಸ್ಟ್ಯಾಕ್ ವಿರುದ್ಧ ಬಾಯ್ಲ್ ಪ್ರಕರಣದಲ್ಲಿ ಹನ್ನೆರಡು ಆರೋಪಿಗಳಿಗೆ ತಲಾ 50 ಸಾವಿರ ಡಾಲರ್ ವಿಧಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಜರಾತಿಯನ್ನು ಖಚಿತಪಡಿಸಲು ಬೇಕಾದದ್ದಕ್ಕಿಂತ ಹೆಚ್ಚಿನ ಮೊತ್ತವೇ ಮಿತಿಮೀರಿದ ಮೊತ್ತ, ಅದನ್ನು ಒಬ್ಬೊಬ್ಬರ ಸ್ಥಿತಿ ನೋಡಿ ನಿರ್ಧರಿಸಬೇಕು ಎಂದು ಅದು ಹೇಳಿತು. ‘ಮಿತಿ’ ಎಂಬ ಪದ ಬಂದ ಮೇಲೆ ಯಾರ ಮಿತಿ ಎಂದು ಕೇಳಲೇಬೇಕಾಗುತ್ತದೆ.

ಒಬ್ಬ ಗಾರೆ ಕೆಲಸದವನ ಹತ್ತು ಸಾವಿರ

ಭಾರತದ ಸುಪ್ರೀಂ ಕೋರ್ಟಿನ ಮುಂದೆ 1978ರಲ್ಲಿ ಬಂದ ಮೋತಿ ರಾಮ್ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆತ ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರ. ಆತನಿಗೆ ಜಾಮೀನು ಕೊಟ್ಟದ್ದು ಸ್ವತಃ ಸುಪ್ರೀಂ ಕೋರ್ಟ್. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ತೃಪ್ತಿಯಾಗುವಂತೆ ಭದ್ರತೆ ಒದಗಿಸಿ ಹೊರಬರಬಹುದು ಎಂದು ಆದೇಶವಾಗಿತ್ತು. ಆದೇಶ ಕೆಳಗೆ ಬಂದಾಗ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಒಬ್ಬ ಜಾಮೀನುದಾರನನ್ನು ಕರೆತರಲು ಹೇಳಿದರು. ಆ ಕಾಲದಲ್ಲಿ ಗಾರೆ ಕೆಲಸಗಾರನೊಬ್ಬ ವರ್ಷಗಟ್ಟಲೆ ದುಡಿದರೂ ಉಳಿಸಲಾಗದ ಹಣ ಅದು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಜಾಮೀನು ನಿಲ್ಲಲು ಮುಂದೆ ಬಂದ. ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂಬ ಕಾರಣಕ್ಕೆ ಅದನ್ನೂ ತಿರಸ್ಕರಿಸಲಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುವುದು ಇಲ್ಲಿಯೇ.

ಮೋತಿ ರಾಮ್ ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ. ಆಗಸ್ಟ್ 24ರಂದು ಬಂದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಬಡವರ ಪಾಲಿಗೆ ಭಾರೀ ಮೊತ್ತವೆಂದರೆ ಜಾಮೀನಿನ ನಿರಾಕರಣೆಯೇ ಎಂಬುದನ್ನು ಅವರು ನೇರವಾಗಿ ಗುರುತಿಸಿದರು. ಬೇರೆ ಜಿಲ್ಲೆಯವನೆಂದು ಜಾಮೀನುದಾರನನ್ನು ತಳ್ಳಿಹಾಕುವುದು ದೇಶದೊಳಗೇ ಮಾಡುವ ಭೇದಭಾವವೆಂದರು. 1,000 ರೂಪಾಯಿಯ ಸ್ವಂತ ಬಾಂಡ್ ಬರೆಸಿಕೊಂಡು ಆತನನ್ನು ಬಿಡಲು ಆದೇಶಿಸಿದರು. ಹತ್ತು ಸಾವಿರ ಒಂದು ಸಾವಿರವಾದದ್ದಕ್ಕಿಂತ ದೊಡ್ಡ ಬದಲಾವಣೆ ಎಂದರೆ ಜಾಮೀನುದಾರನೇ ಬೇಡವಾದದ್ದು. ಏಕೆಂದರೆ ಬಡತನ ಒಬ್ಬನ ಜೇಬಿಗೆ ಮಾತ್ರ ಸೇರಿದ್ದಲ್ಲ. ಬಡವನ ಬಂಧುಗಳೂ ಸ್ನೇಹಿತರೂ ಸಾಮಾನ್ಯವಾಗಿ ಬಡವರೇ. ಆಸ್ತಿಪತ್ರ ತೋರಿಸಬಲ್ಲ ಪರಿಚಯಸ್ಥ ಇರುವುದೂ ಒಂದು ಬಗೆಯ ಸಿರಿತನ. ಮೊತ್ತವನ್ನು ಎಷ್ಟು ಇಳಿಸಿದರೂ ಅಂಥ ಪರಿಚಯಸ್ಥನನ್ನು ಕರೆತರಲೇಬೇಕೆಂಬ ಷರತ್ತು ಉಳಿದರೆ ಬಾಗಿಲು ಮುಚ್ಚಿಯೇ ಇರುತ್ತದೆ.

ಕಟ್ಟಲಾಗದೆ ಒಳಗೆ ಕಳೆದ ಕೆಲವೇ ದಿನಗಳು ಏನು ಮಾಡುತ್ತವೆ ಎಂಬುದಕ್ಕೆ ದೊಡ್ಡ ವಿವರಣೆ ಬೇಕಿಲ್ಲ. ದಿನಗೂಲಿಯವನ ಕೆಲಸ ಹೋಗುತ್ತದೆ, ಬಾಡಿಗೆ ಬಾಕಿಯಾಗುತ್ತದೆ, ಮಕ್ಕಳನ್ನು ನೋಡಿಕೊಳ್ಳುವವರಿರುವುದಿಲ್ಲ. ಕಣ್ಣಿಗೆ ಸುಲಭವಾಗಿ ಬೀಳದ ಇನ್ನೊಂದು ಪರಿಣಾಮವೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಫಿಲಡೆಲ್ಫಿಯಾ ಮತ್ತು ಮಯಾಮಿ-ಡೇಡ್‌ನ ಪ್ರಕರಣಗಳನ್ನು ನೋಡಿತು. ಜಾಮೀನಿನ ವಿಚಾರಣೆಗೆ ಯಾವ ನ್ಯಾಯಾಧೀಶರು ಸಿಗುತ್ತಾರೆ ಎಂಬುದು ಅಲ್ಲಿ ಹೆಚ್ಚು ಕಡಿಮೆ ಅದೃಷ್ಟದ ಮಾತು. ಕೆಲವರು ಬಿಗಿ, ಕೆಲವರು ಸಡಿಲ. ಹೀಗೆ ಬಿಗಿ ನ್ಯಾಯಾಧೀಶರ ಪಾಲಾದವರನ್ನು ಸಡಿಲ ನ್ಯಾಯಾಧೀಶರ ಪಾಲಾದವರೊಡನೆ ಹೋಲಿಸಿದಾಗ, ವಿಚಾರಣೆಗೆ ಮುನ್ನ ಜೈಲಿನಲ್ಲಿರುವುದೇ ಅಪರಾಧಿ ಎನಿಸಿಕೊಳ್ಳುವ ಸಾಧ್ಯತೆಯನ್ನು ಹೆಚ್ಚಿಸುತ್ತದೆಂದು ಗೊತ್ತಾಯಿತು. ಅದಕ್ಕೆ ಮುಖ್ಯ ಕಾರಣ ತಪ್ಪೊಪ್ಪಿಗೆ. ‘ತಪ್ಪೊಪ್ಪಿಕೋ, ಇವತ್ತೇ ಮನೆಗೆ ಹೋಗು’ ಎಂಬ ಆಯ್ಕೆ ಎದುರಿಗಿದ್ದಾಗ, ‘ನಿರಪರಾಧಿ’ ಎಂದು ಹಟ ಹಿಡಿದು ತಿಂಗಳುಗಟ್ಟಲೆ ಒಳಗೆ ಕೂರುವ ಶಕ್ತಿ ಎಷ್ಟು ಜನರಿಗಿದೆ? ಸತ್ಯ ಏನೇ ಇರಲಿ, ಜೈಲಿನ ಒಳಗಿರುವವನ ಚೌಕಾಶಿಯ ಬಲವೇ ಕುಸಿದಿರುತ್ತದೆ.

ಒಪ್ಪದವರ ವಾದ

ಆಸ್ತಿಗೆ ತಕ್ಕ ಜಾಮೀನನ್ನು ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಮೊದಲನೆಯದು ಸಮಾನತೆಯ ವಾದ. ಕಾನೂನಿನ ಮುಂದೆ ಎಲ್ಲರೂ ಒಂದೇ ಆದರೆ, ಒಂದೇ ಆರೋಪಕ್ಕೆ ಒಬ್ಬನಿಂದ ಸಾವಿರ, ಇನ್ನೊಬ್ಬನಿಂದ ಲಕ್ಷ ಕೇಳುವುದು ಹೇಗೆ? ಇದಕ್ಕೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಹೊರಿಸಬೇಕಾದದ್ದು ಸಮಾನ ಭಾರ. ಆನೆಗೂ ಕತ್ತೆಗೂ ಒಂದೇ ತೂಕದ ಮೂಟೆ ಹೊರಿಸಿ ಎರಡನ್ನೂ ಸಮನಾಗಿ ಕಂಡೆವೆನ್ನಲಾಗದು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1968ರಲ್ಲೇ, ನ್ಯೂಮೈಸ್ಟರ್ ವಿರುದ್ಧ ಆಸ್ಟ್ರಿಯಾ ಪ್ರಕರಣದಲ್ಲಿ, ಮೊತ್ತವನ್ನು ಮುಖ್ಯವಾಗಿ ಆರೋಪಿ, ಆತನ ಆಸ್ತಿ, ಮತ್ತು ಜಾಮೀನು ನಿಲ್ಲುವವರೊಂದಿಗೆ ಆತನಿಗಿರುವ ಸಂಬಂಧ ಇವುಗಳನ್ನು ನೋಡಿ ಅಳೆಯಬೇಕೆಂದಿತು. ಆರೋಪಿ ಮಾಡಿದನೆನ್ನಲಾದ ನಷ್ಟವನ್ನಷ್ಟೇ ನೋಡಿ ಮೊತ್ತ ಹಾಕಿದ್ದನ್ನು ಅದು ಒಪ್ಪಲಿಲ್ಲ.

ನಷ್ಟಕ್ಕೆ ತಕ್ಕ ಜಾಮೀನು ಎಂಬ ತಪ್ಪು ಹಣಕಾಸಿನ ಪ್ರಕರಣಗಳಲ್ಲಿ ಈಗಲೂ ಮರುಕಳಿಸುತ್ತದೆ. ಕೋಟಿ ವಂಚಿಸಿದ ಆರೋಪವಿದ್ದರೆ ಕೋಟಿ ಠೇವಣಿ ಇಡು ಎನ್ನುವುದು ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಆತ ವಂಚಿಸಿಲ್ಲದಿದ್ದರೆ ಆ ಕೋಟಿ ಆತನ ಬಳಿ ಇರುವುದೇ ಇಲ್ಲ. ನಿರಪರಾಧಿಯಾದಷ್ಟೂ ಜೈಲೇ ಗತಿ ಎಂಬಂತಾಗುತ್ತದೆ. ವಂಚನೆಯ ಹಣ ಕಟ್ಟಿದರೆ ಮಾತ್ರ ಜಾಮೀನು ಎಂಬ ಷರತ್ತು ಹಾಕಿ ಕ್ರಿಮಿನಲ್ ನ್ಯಾಯಾಲಯವನ್ನು ಸಾಲ ವಸೂಲಿಯ ಕಟ್ಟೆಯಾಗಿಸಬಾರದು ಎಂದು ಭಾರತದ ಸುಪ್ರೀಂ ಕೋರ್ಟ್ 2023ರ ರಮೇಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಎರಡನೆಯದು ಪರಿಶೀಲನೆಯ ವಾದ. ಯಾರ ಬಳಿ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಆಸ್ತಿ ಬಚ್ಚಿಟ್ಟವನು ಬಡವನ ವೇಷ ಹಾಕಿದರೆ? ಬಡವರ ವಿಷಯದಲ್ಲಿ ಇದು ಹೇಳುವಷ್ಟು ಕಷ್ಟವಲ್ಲ. ಉದ್ಯೋಗ, ಮನೆಯ ಬಾಡಿಗೆ, ಅವಲಂಬಿತರು, ಸರ್ಕಾರದ ನೆರವು ಪಡೆಯುತ್ತಾರೆಯೇ ಎಂಬ ನಾಲ್ಕೈದು ಪ್ರಶ್ನೆಗಳೇ ಬಹುತೇಕ ಚಿತ್ರ ಕೊಡುತ್ತವೆ. ಭಾರತದ ಕಾನೂನು ಇನ್ನೂ ಸರಳವಾದ ಅಳತೆಗೋಲು ಇಟ್ಟುಕೊಂಡಿದೆ: ಜಾಮೀನು ಪಡೆಯಬಹುದಾದ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ, ಜಾಮೀನುದಾರರಿಲ್ಲದೆ ಸ್ವಂತ ಬಾಂಡಿನ ಮೇಲೆ ಬಿಡಬೇಕು. ಹಣವಿದ್ದೂ ಯಾರೂ ಒಂದು ವಾರ ಜೈಲಿನಲ್ಲಿ ಕೂರುವುದಿಲ್ಲ ಎಂಬುದು ಇದರ ತರ್ಕ. ಕಾಗದಪತ್ರಗಳಿಗಿಂತ ಇದು ಹೆಚ್ಚು ನಂಬಬಹುದಾದ ಸಾಕ್ಷಿ. ನನ್ನ ಆಕ್ಷೇಪವಿರುವುದು ಆ ಒಂದು ವಾರದ ಬಗ್ಗೆ ಮಾತ್ರ. ಕೆಲಸ ಕಳೆದುಕೊಳ್ಳಲು ಅಷ್ಟೇ ಸಾಕು.

ಮೂರನೆಯ ವಾದ ಸಂತ್ರಸ್ತರ ಕಡೆಯದು, ಮನಸ್ಸಿಗೆ ಹೆಚ್ಚು ನಾಟುವಂಥದ್ದು. ತನ್ನ ಮೇಲೆ ಹಲ್ಲೆ ಮಾಡಿದವನು ಬಡವನೆಂಬ ಕಾರಣಕ್ಕೆ ಪುಡಿಗಾಸಿಗೆ ಹೊರಬಂದರೆ ಆಕೆ ನೆಮ್ಮದಿಯಿಂದ ಮಲಗುವುದು ಹೇಗೆ? ಈ ಪ್ರಶ್ನೆಯನ್ನು ಯಾರೂ ತಳ್ಳಿಹಾಕಬಾರದು. ಆದರೆ ಇದನ್ನೇ ತಿರುಗಿಸಿ ಕೇಳಿ: ಹಲ್ಲೆ ಮಾಡಿದವನು ಶ್ರೀಮಂತನಾಗಿದ್ದು ದೊಡ್ಡ ಮೊತ್ತವನ್ನು ಅರ್ಧ ಗಂಟೆಯಲ್ಲಿ ಕಟ್ಟಿದರೆ ಆಕೆ ಸುರಕ್ಷಿತಳೇ? ಹಣ ಆಕೆಯ ಬಾಗಿಲು ಕಾಯುವುದಿಲ್ಲ. ಸಾಕ್ಷಿಗಳನ್ನು ಸಂಪರ್ಕಿಸಬಾರದು, ಮನೆಯ ಹತ್ತಿರ ಸುಳಿಯಬಾರದು ಎಂಬ ಷರತ್ತುಗಳು, ಅವನ್ನು ಮುರಿದರೆ ತಕ್ಷಣ ಬಂಧನ, ಅಷ್ಟೂ ಸಾಲದಿದ್ದರೆ ಕಾರಣ ಬರೆದು ಜಾಮೀನನ್ನೇ ನಿರಾಕರಿಸುವುದು, ಇವು ಆಕೆಯ ರಕ್ಷಣೆಗೆ ಇರುವ ದಾರಿಗಳು.

ಶ್ರೀಮಂತರ ಕಡೆ ಅಳತೆಗೋಲು ಮುರಿಯುವುದು

ಬಡವನಿಗೆ ಇಳಿಸುವಂತೆ ಶ್ರೀಮಂತನಿಗೆ ಏರಿಸಿದರೆ ಸರಿಹೋಗುತ್ತದಲ್ಲ ಎನ್ನಿಸಬಹುದು. ದಂಡದ ವಿಷಯದಲ್ಲಿ ಕೆಲವು ದೇಶಗಳು ಹಾಗೆಯೇ ಮಾಡುತ್ತವೆ. ಫಿನ್ಲೆಂಡ್ 1921ರಿಂದಲೇ ದಂಡವನ್ನು ದಿನದ ಆದಾಯದ ಲೆಕ್ಕದಲ್ಲಿ ವಿಧಿಸುತ್ತಿದೆ. 2002ರಲ್ಲಿ ನೋಕಿಯಾದ ಉನ್ನತಾಧಿಕಾರಿಯೊಬ್ಬರು ಅತಿವೇಗದ ಚಾಲನೆಗೆ 1 ಲಕ್ಷ 16 ಸಾವಿರ ಯೂರೊ ದಂಡ ಹಾಕಿಸಿಕೊಂಡದ್ದು ಲೋಕಕ್ಕೆಲ್ಲ ಸುದ್ದಿಯಾಗಿತ್ತು. ಆದರೆ ದಂಡಕ್ಕೂ ಜಾಮೀನಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ದಂಡವನ್ನು ಕಟ್ಟಿದಾಗಲೇ ಅದರ ಕೆಲಸ ಮುಗಿಯುತ್ತದೆ. ಜಾಮೀನಿನ ಕೆಲಸ ಶುರುವಾಗುವುದೇ ಕಟ್ಟಿದ ನಂತರ, ಆರೋಪಿಯ ಮನಸ್ಸಿನೊಳಗೆ.

ಅಲ್ಲಿ ಶ್ರೀಮಂತನ ಲೆಕ್ಕ ಬೇರೆ. ನಿಸ್ಸಾನ್ ಕಂಪನಿಯ ಮುಖ್ಯಸ್ಥರಾಗಿದ್ದ ಕಾರ್ಲೋಸ್ ಘೋಸ್ನ್ ಅವರಿಗೆ ಜಪಾನಿನ ನ್ಯಾಯಾಲಯ 2019ರಲ್ಲಿ ಎರಡು ಬಾರಿ ಸೇರಿ 150 ಕೋಟಿ ಯೆನ್ ಜಾಮೀನು ವಿಧಿಸಿತು. ಅವರ ಸಂಪತ್ತನ್ನು ನೋಡಿಯೇ ಹಾಕಿದ ಮೊತ್ತವದು. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಅವರು ಧ್ವನಿ ಉಪಕರಣಗಳ ಪೆಟ್ಟಿಗೆಯೊಳಗೆ ಅಡಗಿ, ಖಾಸಗಿ ವಿಮಾನದಲ್ಲಿ ಜಪಾನ್ ಬಿಟ್ಟು ಲೆಬನಾನ್ ಸೇರಿದರು. ಹಣ ಮುಟ್ಟುಗೋಲಾಯಿತು, ಮನುಷ್ಯ ಸಿಗಲಿಲ್ಲ. ನೂರೈವತ್ತು ಕೋಟಿ ಹೋದ ಮೇಲೂ ವಿಮಾನ ಗೊತ್ತುಮಾಡಲು, ಸಹಾಯಕರನ್ನು ನೇಮಿಸಲು, ಇನ್ನೊಂದು ದೇಶದಲ್ಲಿ ಬದುಕು ಹೂಡಲು ಅವರ ಬಳಿ ಹಣವಿತ್ತು. ಆದಾಯದ ಶೇಕಡಾವಾರು ಲೆಕ್ಕ ಇಲ್ಲಿ ಎಡವುತ್ತದೆ. ಸಂಪತ್ತಿನ ಅರ್ಧ ಹೋದರೆ ಬಡವನಿಗೆ ಊಟವೇ ಇಲ್ಲ. ಕೋಟ್ಯಧಿಪತಿ ಆಗಲೂ ಕೋಟ್ಯಧಿಪತಿಯೇ.

ಹಾಗೆಂದು ಏರಿಸುತ್ತಲೇ ಹೋದರೆ? ನ್ಯೂಯಾರ್ಕಿನ ಆಸ್ತಿ ಉದ್ಯಮದ ಕುಟುಂಬದ ರಾಬರ್ಟ್ ಡರ್ಸ್ಟ್ 2001ರಲ್ಲಿ ಟೆಕ್ಸಾಸ್‌ನಲ್ಲಿ ಕೊಲೆ ಆರೋಪದ ಮೇಲೆ ಬಂಧಿತನಾಗಿ, 3 ಲಕ್ಷ ಡಾಲರ್ ಜಾಮೀನು ಕಟ್ಟಿ ಪರಾರಿಯಾದ. ಸಿಕ್ಕಿಬಿದ್ದ ಮೇಲೆ, ಜಾಮೀನು ಮುರಿದದ್ದೂ ಸೇರಿದ ಆರೋಪಗಳಿಗೆ ಒಟ್ಟು 300 ಕೋಟಿ ಡಾಲರ್ ಜಾಮೀನು ವಿಧಿಸಲಾಯಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮಿತಿಮೀರಿದ್ದೆಂದು ತಳ್ಳಿಹಾಕಿತು. ನಿಯಮ ಶ್ರೀಮಂತನಿಗೂ ಅದೇ: ಕಟ್ಟಲಾಗದಂತೆ ನೋಡಿಕೊಳ್ಳಲೆಂದೇ ಹಾಕಿದ ಮೊತ್ತ ಯಾರ ಮೇಲೆ ಹಾಕಿದರೂ ವೇಷ ಮರೆಸಿದ ಸೆರೆಯಾದೇಶ.

ಇನ್ನೊಂದು ತೊಡಕು: ಕಟ್ಟುವ ಹಣ ಯಾರದು? 2002ರಲ್ಲಿ ಸ್ಪೇನ್ ಕರಾವಳಿಯ ಬಳಿ ಮುಳುಗಿ ಸಮುದ್ರಕ್ಕೆ ಭಾರೀ ಪ್ರಮಾಣದ ತೈಲ ಸುರಿದ ಪ್ರೆಸ್ಟೀಜ್ ಹಡಗಿನ ಕಪ್ತಾನನಿಗೆ 30 ಲಕ್ಷ ಯೂರೊ ಜಾಮೀನು ಹಾಕಿದರು. ಒಬ್ಬ ನೌಕರನ ಶಕ್ತಿಗೆ ಮೀರಿದ್ದು ಅದು. 83 ದಿನಗಳ ನಂತರ ಹಡಗಿನ ಮಾಲೀಕರ ವಿಮಾದಾರರು ಕಟ್ಟಿದರು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ದುರಂತದ ಅಸಾಧಾರಣ ಪ್ರಮಾಣವನ್ನು ಮುಂದಿಟ್ಟು ಅದನ್ನು ಎತ್ತಿಹಿಡಿಯಿತು. ನ್ಯಾಯಾಧೀಶರು 10–7ರಂತೆ ಒಡೆದಿದ್ದರು. ನನಗೆ ಆ ಏಳು ಜನರೇ ಸರಿ ಎನ್ನಿಸುತ್ತದೆ. ಮೊತ್ತದ ಅಳತೆ ಆರೋಪಿಯಿಂದ ಕಳಚಿಕೊಂಡು ಆತನ ಹಿಂದೆ ಯಾರಿದ್ದಾರೆ ಎಂಬುದಕ್ಕೆ ಹೋದರೆ, ಆತ ಬೇರೆಯವರ ನಿರ್ಧಾರಕ್ಕೆ ಒತ್ತೆಯಾಳಾಗುತ್ತಾನೆ.

ಹಣವನ್ನು ಹಿಂದಕ್ಕೆ ಸರಿಸಿದ ಕಡೆ

ಈ ತೊಡಕುಗಳನ್ನು ಕಂಡ ಹಲವು ನ್ಯಾಯವ್ಯವಸ್ಥೆಗಳು ಬೇರೆ ಬೇರೆ ದಾರಿಯಿಂದ ಹತ್ತಿರ ಹತ್ತಿರದ ಜಾಗಕ್ಕೆ ಬಂದಿವೆ. ಇಂಗ್ಲೆಂಡಿನಲ್ಲಿ 1976ರ ಜಾಮೀನು ಕಾಯ್ದೆ ಆರೋಪಿಯ ಸ್ವಂತ ಹಣದ ಮುಚ್ಚಳಿಕೆಯನ್ನೇ ಕೈಬಿಟ್ಟು, ಹಾಜರಾಗದಿರುವುದನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಕೆನಡಾದ ಸುಪ್ರೀಂ ಕೋರ್ಟ್ 2017ರ ಆಂಟಿಕ್ ಪ್ರಕರಣದಲ್ಲಿ ನಗದು ಜಾಮೀನು ಅಪರೂಪದ ಕೊನೆಯ ದಾರಿಯಾಗಿರಬೇಕು, ಹಾಕಿದರೂ ಆರೋಪಿಯ ಕೈಗೆಟುಕುವಂತಿರಬೇಕು ಎಂದಿತು. ಅಮೆರಿಕದ ಒಕ್ಕೂಟ ನ್ಯಾಯಾಲಯಗಳಿಗೆ ಅನ್ವಯಿಸುವ 1984ರ ಕಾಯ್ದೆಯಲ್ಲಿ, ಆರೋಪಿ ಒಳಗೇ ಉಳಿಯುವಂತೆ ಮಾಡುವ ಹಣದ ಷರತ್ತನ್ನು ನ್ಯಾಯಾಧೀಶರು ವಿಧಿಸಕೂಡದು ಎಂದು ಸ್ಪಷ್ಟವಾಗಿ ಬರೆದಿದೆ.

ನಮ್ಮ ಪ್ರಶ್ನೆಗೆ ತೀರ ಹತ್ತಿರದ ಪ್ರಯೋಗ ನಡೆದದ್ದು ಷಿಕಾಗೋ ಇರುವ ಕುಕ್ ಕೌಂಟಿಯಲ್ಲಿ. 2017ರ ಸೆಪ್ಟೆಂಬರ್‌ನಿಂದ, ಹಣದ ಜಾಮೀನು ಹಾಕುವುದಾದರೆ ಅದು ಆರೋಪಿ ಭರಿಸಬಹುದಾದ ಮೊತ್ತವೇ ಆಗಿರಬೇಕೆಂದು ಅಲ್ಲಿನ ಮುಖ್ಯ ನ್ಯಾಯಾಧೀಶರು ಆದೇಶ ಹೊರಡಿಸಿದರು. ಆರು ವರ್ಷಗಳ ನಂತರ, 2023ರ ಸೆಪ್ಟೆಂಬರ್ 18ರಂದು, ಇಲಿನಾಯ್ ರಾಜ್ಯ ಹಣದ ಜಾಮೀನನ್ನು ಸಂಪೂರ್ಣ ರದ್ದುಮಾಡಿದ ಅಮೆರಿಕದ ಮೊದಲ ರಾಜ್ಯವಾಯಿತು. ಆಸ್ತಿಗೆ ತಕ್ಕ ಜಾಮೀನು ನಡುದಾರಿಯ ತಂಗುದಾಣವಾಗಿ, ಕೊನೆಗೆ ಹಣವೇ ಬೇಡವೆಂಬಲ್ಲಿಗೆ ದಾರಿ ತಲುಪಿತು.

ಇದರಲ್ಲಿ ಅಪಾಯವೂ ಇದೆ. ಹಣದ ಪರದೆ ಸರಿದ ಮೇಲೆ ನ್ಯಾಯಾಧೀಶರ ಮುಂದೆ ಉಳಿಯುವುದು ಬಿಡುವುದು ಅಥವಾ ಹಿಡಿದಿಡುವುದು, ಎರಡೇ. ಅಪಾಯಕಾರಿ ಎಂಬ ಕಾರಣಕ್ಕೆ ವಿಚಾರಣೆಗೆ ಮುನ್ನ ಹಿಡಿದಿಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1987ರ ಸಲೆರ್ನೊ ತೀರ್ಪಿನಲ್ಲಿ ಒಪ್ಪಿದೆ. ಆ ಅಧಿಕಾರ ಸಲೀಸಾಗಿ ಬಳಕೆಯಾದರೆ ಬಡವನ ಪಾಡು ಮೊದಲಿನಂತೆಯೇ. ಆದರೂ ನಾನು ಬಹಿರಂಗ ನಿರಾಕರಣೆಯ ಕಡೆಗೇ ನಿಲ್ಲುತ್ತೇನೆ. ನಿರಾಕರಿಸುವಾಗ ನ್ಯಾಯಾಧೀಶರು ಕಾರಣ ಬರೆಯಬೇಕಾಗುತ್ತದೆ, ಬರೆದ ಕಾರಣವನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಮೊತ್ತದ ಹಿಂದೆ ಬಚ್ಚಿಟ್ಟ ಕಾರಣವನ್ನು ಪ್ರಶ್ನಿಸುವುದು ಹೇಗೆ?

ಹಣವಿಲ್ಲದೆ ಜನ ವಿಚಾರಣೆಗೆ ಬರುತ್ತಾರೆಯೇ ಎಂಬುದಕ್ಕೆ ಹಳೆಯ ಉತ್ತರವೇ ಇದೆ. 1961ರಲ್ಲಿ ನ್ಯೂಯಾರ್ಕಿನಲ್ಲಿ ಲೂಯಿಸ್ ಶ್ವೈಟ್ಜರ್ ಮತ್ತು ಹರ್ಬರ್ಟ್ ಸ್ಟರ್ಜ್ ಶುರುಮಾಡಿದ ಮ್ಯಾನ್‌ಹ್ಯಾಟನ್ ಜಾಮೀನು ಯೋಜನೆಯಲ್ಲಿ ಕಾನೂನು ವಿದ್ಯಾರ್ಥಿಗಳು ಬಂಧಿತರನ್ನು ಮಾತನಾಡಿಸಿ, ಕುಟುಂಬ ಎಲ್ಲಿದೆ, ಉದ್ಯೋಗ ಎಷ್ಟು ವರ್ಷದ್ದು, ವಿಳಾಸ ಸ್ಥಿರವಾದದ್ದೇ ಎಂದು ಕೇಳಿ ಪರಿಶೀಲಿಸುತ್ತಿದ್ದರು. ಬೇರು ಗಟ್ಟಿಯಾಗಿದ್ದವರನ್ನು ಬರಿಯ ಮಾತಿನ ಮೇಲೆ ಬಿಡಲು ಶಿಫಾರಸು ಮಾಡುತ್ತಿದ್ದರು. ಹಾಗೆ ಹೊರಬಂದವರಲ್ಲಿ ಬೇಕೆಂದೇ ತಪ್ಪಿಸಿಕೊಂಡವರು ಶೇ 2ಕ್ಕಿಂತ ಕಡಿಮೆ. ಹಾಜರಾಗದವರೆಲ್ಲ ಓಡಿಹೋದವರೂ ಅಲ್ಲ. ನ್ಯೂಯಾರ್ಕ್ ನಗರದ ಬಗ್ಗೆ 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಣ್ಣ ಪ್ರಕರಣಗಳ ಸಮನ್ಸ್ ಪತ್ರವನ್ನು ಸುಲಭವಾಗಿ ಓದುವಂತೆ ತಿದ್ದಿದ್ದಕ್ಕೆ ಗೈರುಹಾಜರಿ ಶೇ 13ರಷ್ಟು ಇಳಿಯಿತು. ವಿಚಾರಣೆಯ ದಿನ ನೆನಪಿಸಿ ಮೊಬೈಲಿಗೆ ಸಂದೇಶ ಕಳಿಸಿದ್ದಕ್ಕೆ ಶೇ 21ರಷ್ಟು. ದಿನ ಮರೆತುಹೋಗಿತ್ತು, ಪತ್ರ ಅರ್ಥವಾಗಿರಲಿಲ್ಲ, ಅಷ್ಟೇ.

ಭಾರತದಲ್ಲಿ 2022ರ ಕೊನೆಗೆ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಇವರೆಲ್ಲ ಹಣವಿಲ್ಲದೆ ಒಳಗಿದ್ದವರಲ್ಲ. ಅನೇಕರಿಗೆ ಜಾಮೀನೇ ಸಿಕ್ಕಿರಲಿಲ್ಲ. ಆದರೆ ಜಾಮೀನು ಸಿಕ್ಕೂ ಹೊರಬರಲಾಗದವರ ಕುರಿತು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ನಿರ್ದೇಶನಗಳನ್ನು ನೀಡಬೇಕಾಯಿತು. ಆದೇಶವಾಗಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು; ಒಂದು ತಿಂಗಳಾದರೂ ಬಾಂಡ್ ಒದಗಿಸಲಾಗದಿದ್ದರೆ ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು; ಸ್ಥಳೀಯ ಜಾಮೀನುದಾರನೇ ಬೇಕೆಂಬ ಪಟ್ಟು ಬಿಡುಗಡೆ ತಡವಾಗಲು ಒಂದು ಕಾರಣ. ಮೋತಿ ರಾಮ್ ತೀರ್ಪು ಬಂದು ನಲವತ್ತನಾಲ್ಕು ವರ್ಷ ಕಳೆದಿತ್ತು.

ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಜಾಮೀನು ಮೊತ್ತ ಕಟ್ಟಲಾಗದ ವಿಚಾರಣಾಧೀನ ಕೈದಿಗೆ ಒಂದು ಮಿತಿಯವರೆಗೆ ಸರ್ಕಾರವೇ ಭರಿಸುತ್ತದೆ; ಯೋಜನೆ ಬಂದಾಗ ಆ ಮಿತಿ 40,000 ರೂಪಾಯಿ ಇತ್ತು. ಒಳಗಿರುವ ಒಬ್ಬ ಮನುಷ್ಯ ಇದರಿಂದ ಹೊರಬಂದರೆ ಅದು ನಿಜವಾದ ಉಪಕಾರ. ಆದರೆ ಈ ಏರ್ಪಾಡಿನಲ್ಲಿ ನಡೆಯುವುದನ್ನು ಗಮನಿಸಿ: ಸರ್ಕಾರ ತನ್ನ ಖಜಾನೆಯಿಂದ ಹಣ ತೆಗೆದು ನ್ಯಾಯಾಲಯದಲ್ಲಿ ಇಡುತ್ತದೆ. ಆರೋಪಿ ತಲೆಮರೆಸಿಕೊಂಡರೆ ಹೋಗುವುದು ಸರ್ಕಾರದ ಹಣ, ಆತನ ಒಂದು ಪೈಸೆಯೂ ಅಲ್ಲ. ನಷ್ಟದ ಭಯದಿಂದ ಹಿಡಿದಿಡಬೇಕಿದ್ದ ಮೊತ್ತದಲ್ಲಿ ಆ ಭಯವೇ ಉಳಿದಿಲ್ಲ. ಆತ ಬಂದೇ ಬರುತ್ತಾನೆಂಬ ನಂಬಿಕೆಯ ಮೇಲೆ ಬಿಡುಗಡೆ ನಡೆಯುತ್ತಿದೆ. ಆ ನಂಬಿಕೆ ಮೊದಲ ದಿನವೇ ಇದ್ದಿದ್ದರೆ ಆತ ಸ್ವಂತ ಬಾಂಡಿನ ಮೇಲೆ ಅಂದೇ ಮನೆಗೆ ಹೋಗಿರುತ್ತಿದ್ದ.